ಅತ್ತೆಯ ಪಾಲಿಸಿಯ ‘ಹೆಚ್ಚುವರಿ ಸೌಲಭ್ಯ’ ನಾನು ವಸೂಲು ಮಾಡಿದ್ದು ಹೀಗೆ

“ಅತ್ತಿಗೆ, ಅದೆಲ್ಲ ಪಾಲಿಸಿ ಮಾರೋದಕ್ಕೆ ಹಾಕಿರೋದು, ಕೊಡೋದಕ್ಕಲ್ಲ.” ಅತ್ತೆಯ ಆರೋಗ್ಯ ವಿಮೆ ಪಾಲಿಸಿಯ ಹೆಚ್ಚುವರಿ ಸೌಲಭ್ಯಗಳ ಬಗ್ಗೆ ನನ್ನ ಮೈದುನ ಐದು ವರ್ಷ ಇದನ್ನೇ ಹೇಳಿದ. ಪಾಲಿಸಿ ಮಾಡಿಸಿಕೊಟ್ಟ ಏಜೆಂಟರೂ ಹೆಚ್ಚುಕಮ್ಮಿ ಇದನ್ನೇ ಹೇಳಿದರು. 2025ರಲ್ಲಿ, ಕಂಪನಿ ನೇರವಾಗಿ ಆಸ್ಪತ್ರೆಗೆ ಕಟ್ಟಿದ ಬಿಲ್ಲಿನ ಹಣ (ಕ್ಯಾಶ್‌ಲೆಸ್) ಬಿಟ್ಟು, ಬರೀ ಈ ಹೆಚ್ಚುವರಿ ಬಾಬ್ತಿನಲ್ಲೇ ನಲವತ್ನಾಲ್ಕು ಸಾವಿರದಷ್ಟು ಅತ್ತೆಯ ಖಾತೆಗೆ ಬಂತು. ಅದಕ್ಕೇ ಬರೆಯುತ್ತಿದ್ದೇನೆ. ಕೋ-ಪೇ ಅಂದರೆ ಬಿಲ್ಲಿನಲ್ಲಿ ನಾವೇ ಕಟ್ಟಬೇಕಾದ ಪಾಲು, ಟಿಪಿಎ ಅಂದರೆ ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ. ಇಷ್ಟು ಹೇಳಿ ನೇರ ವಿಷಯಕ್ಕೆ ಬರುತ್ತೇನೆ.

2019ರ ನವೆಂಬರಿನಲ್ಲಿ, ಅತ್ತೆಗೆ 68 ಇದ್ದಾಗ ಮಾಡಿಸಿದ್ದು. 5 ಲಕ್ಷದ ಸೀನಿಯರ್ ಸಿಟಿಜನ್ ಪಾಲಿಸಿ, ಶೇ 20 ಕೋ-ಪೇ, ಮೊದಲ ಪ್ರೀಮಿಯಂ 26 ಸಾವಿರ ಇದ್ದಿರಬೇಕು. ಬಣ್ಣದ ಬ್ರೋಷರ್‌ನಲ್ಲಿ ಉಚಿತ ತಪಾಸಣೆ, ಬೋನಸ್, ಆಸ್ಪತ್ರೆಯಲ್ಲಿದ್ದ ದಿನಕ್ಕಿಷ್ಟು ಅಂತ ಕೊಡುವ ದಿನಭತ್ಯೆ, ಆಂಬುಲೆನ್ಸ್, ಆಯುಷ್ (ಆಯುರ್ವೇದ ಮುಂತಾದ ಚಿಕಿತ್ಸೆ), ಫೋನಿನಲ್ಲಿ ಡಾಕ್ಟರ ಸಲಹೆ ಎಲ್ಲ ಇತ್ತು. ನಾನು ಬ್ರೋಷರ್ ಜೋಪಾನವಾಗಿಟ್ಟು, ಪಾಲಿಸಿಯ ನಿಯಮಗಳ ಪುಸ್ತಕವನ್ನು ಓದದೆ ಬೀರುವಿನಲ್ಲಿಟ್ಟೆ. ಮೊದಲ ತಪ್ಪು ಅದು.

2022ರಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಕ್ಲೇಮ್ ಮಾಡದ ವರ್ಷಗಳ ಬೋನಸ್ ಸೇರಿ ವಿಮಾ ಮೊತ್ತ ಆರೂವರೆ ಲಕ್ಷ ಆಗಿತ್ತು. ರೂಮಿಗೆ ಮೊತ್ತದ ಶೇ 1, ಅಂದರೆ ದಿನಕ್ಕೆ 6,500 ಸಿಗುತ್ತದೆ ಅಂತ ಲೆಕ್ಕ ಹಾಕಿ ಅಷ್ಟರದ್ದೇ ರೂಮು ಹಿಡಿದೆ. ಆದರೆ ಆ ಶೇ 1 ಇದ್ದದ್ದು ಮೂಲ ಮೊತ್ತಕ್ಕೆ, ಬೋನಸ್ಸಿಗಲ್ಲ. ನಮಗೆ ಸಿಗುತ್ತಿದ್ದದ್ದು 5,000 ಮಾತ್ರ. ನಾಲ್ಕು ದಿನಕ್ಕೆ ವ್ಯತ್ಯಾಸ 6 ಸಾವಿರ ತಾನೆ, ಕೊಟ್ಟರಾಯಿತು ಅಂದುಕೊಂಡೆ. ಹಾಗಾಗಲಿಲ್ಲ. ಡಾಕ್ಟರ ಫೀಸು, ಆಪರೇಷನ್ ಥಿಯೇಟರು, ನರ್ಸಿಂಗು ಎಲ್ಲವನ್ನೂ ಅದೇ ಅನುಪಾತದಲ್ಲಿ ಕತ್ತರಿಸಿದರು. 1.80 ಲಕ್ಷದ ಬಿಲ್ಲಿನಲ್ಲಿ ಅದೊಂದರಲ್ಲೇ 28 ಸಾವಿರ ಹೋಯಿತು. ಗ್ಲೌಸು, ಹತ್ತಿ ಮುಂತಾದ್ದಕ್ಕೆ ಒಂದು 9 ಸಾವಿರ, ಉಳಿದದ್ದರ ಮೇಲೆ ಕೋ-ಪೇ. ಒಟ್ಟು 66 ಸಾವಿರ ಕೈಯಿಂದ ಕಟ್ಟಿದೆವು. ಡಿಸ್ಚಾರ್ಜ್ ಕೌಂಟರಿನಲ್ಲಿ ನಮ್ಮನೆಯವರು ಮಾತಾಡದೆ ಕಾರ್ಡ್ ಕೊಟ್ಟರು. ಆ ಮೌನ ಇನ್ನೂ ನೆನಪಿದೆ.

ಆಮೇಲಿನ ಔಷಧಿಗಳ 11 ಸಾವಿರವೂ ಸಿಗಲಿಲ್ಲ. ಬಿಲ್ಲು ಇದ್ದವು, ಡಾಕ್ಟರ ಚೀಟಿ ಇರಲಿಲ್ಲ. ಮೆಡಿಕಲ್ ಶಾಪಿನವರು ಖಾಲಿ ಸ್ಟ್ರಿಪ್ ನೋಡಿಯೇ ಕೊಡುತ್ತಾರಲ್ಲ, ಹಾಗೆ ತಂದದ್ದು. ಇನ್ನು ಉಚಿತ ತಪಾಸಣೆ ಮುಂದಿನ ವರ್ಷಕ್ಕೆ ಕೂಡಿಕೊಳ್ಳುತ್ತದೆ ಅಂದುಕೊಂಡು ಎರಡು ವರ್ಷದ್ದು ಕಳೆದುಕೊಂಡಿದ್ದೆ. ಪಾಲಿಸಿ ವರ್ಷ ಮುಗಿದರೆ ಅದೂ ಮುಗಿಯಿತು.

ಅದಾದ ಮೇಲೆ ನಾಲ್ಕು ರಾತ್ರಿ ಕೂತು ನಿಯಮಗಳನ್ನು ಓದಿದೆ. ಓದುತ್ತಾ ಹೋದ ಹಾಗೆ ಒಂದು ವಿಷಯ ಕಂಡಿತು: ಈ ಸೌಲಭ್ಯಗಳಲ್ಲಿ ಹೆಚ್ಚಿನವು ಕೈತಪ್ಪುವುದು ರೋಗದ ದೆಸೆಯಿಂದಲ್ಲ, ತಾರೀಖಿನ ದೆಸೆಯಿಂದ. ಅಡ್ಮಿಟ್ ಆಗುವ ಮುಂಚಿನ 30 ದಿನದ ಖರ್ಚು. ಡಿಸ್ಚಾರ್ಜ್ ಆದ ಮೇಲಿನ 60 ದಿನದ ಖರ್ಚು. ಅದು ಮುಗಿದ 15 ದಿನದೊಳಗೆ ಕಾಗದ ಸಲ್ಲಿಕೆ. ದಿನಭತ್ಯೆಗೆ ಮೊದಲ 24 ಗಂಟೆ ಲೆಕ್ಕವಿಲ್ಲ. ಹಾಲು, ಗ್ಯಾಸ್ ಸಿಲಿಂಡರ್ ಗುರುತು ಹಾಕುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಅಡುಗೆಮನೆಯಲ್ಲಿ ಇದ್ದೇ ಇತ್ತು. ಅದರಲ್ಲೇ ಪಾಲಿಸಿಗೆ ಕೆಂಪು ಪೆನ್ಸಿಲ್ ಹಿಡಿದೆ. ಮೈದುನ ನೋಡಿ ನಕ್ಕ.

2024ರ ಡಿಸೆಂಬರ್ 3, ಬೆಳಗ್ಗೆ ಬಚ್ಚಲಲ್ಲಿ ಅತ್ತೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಎರಡು ದಿನ ಹೊರಗೆ ಎಕ್ಸ್‌ರೇ, ಸ್ಕ್ಯಾನ್, ಎಕೋ. ಪ್ರತಿಯೊಂದಕ್ಕೂ ಡಾಕ್ಟರ ಚೀಟಿ ಇಸಿದುಕೊಂಡೆ, ಬಿಲ್ಲು ಮತ್ತು ರಿಪೋರ್ಟಿನ ಜೊತೆ ಅಲ್ಲೇ ಪಿನ್ ಹೊಡೆದೆ. ಚೀಲದಲ್ಲಿ ಸ್ಟೇಪ್ಲರ್ ಇಟ್ಟುಕೊಂಡು ಓಡಾಡಿದವಳು ಆ ಆಸ್ಪತ್ರೆಯಲ್ಲಿ ನಾನೊಬ್ಬಳೇ. ಡಿಸೆಂಬರ್ 5ಕ್ಕೆ ಅಡ್ಮಿಟ್. ಟಿಪಿಎ ಡೆಸ್ಕಿನವರು ಡೀಲಕ್ಸ್ ರೂಮು ಖಾಲಿ ಇದೆ ಅಂದರು. 4,800ರದ್ದೇ ಬೇಕು ಅಂತ ಮೂರು ಗಂಟೆ ಕಾದೆ. ಅತ್ತೆಯನ್ನು ಎಮರ್ಜೆನ್ಸಿ ವಾರ್ಡಿನಲ್ಲಿ ಕಾಯಿಸಿದ್ದು ಹೊಟ್ಟೆ ಉರಿಸಿತು, ನಿಜ. ಆದರೆ ಅದರಿಂದ ಒಂದು ರೂಪಾಯಿಯೂ ಅನುಪಾತದಲ್ಲಿ ಕಡಿತ ಆಗಲಿಲ್ಲ.

ಡಿಸೆಂಬರ್ 11ಕ್ಕೆ ಡಿಸ್ಚಾರ್ಜ್. ಮಧ್ಯಾಹ್ನ ಒಂದರಿಂದ ಕಾಯುತ್ತಾ ಕೂತಿದ್ದೆವು, ಕಂಪನಿಯ ಒಪ್ಪಿಗೆ ಬಂದಿರಲಿಲ್ಲ. ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆಯ ಮಿತಿ ಅಂತ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರ ಮೇ ತಿಂಗಳಲ್ಲೇ ಹೇಳಿದೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಾಕಿದರೆ ಅದನ್ನು ಕಂಪನಿ ಹೊರಬೇಕು. ಮೂರೂವರೆಗೆ ಕಂಪನಿಯವರಿಗೆ ಫೋನಿನಲ್ಲಿ ಸಮಾಧಾನವಾಗಿ ಇದಿಷ್ಟನ್ನೇ ಹೇಳಿದೆ. ನಾಲ್ಕಕ್ಕೆ ಪತ್ರ ಬಂತು.

ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗುವ ಮುಂಚೆ ಡ್ಯೂಟಿ ಡಾಕ್ಟರ ಹತ್ತಿರ ನಾನು ಮೂರು ಪ್ರಶ್ನೆ ಕೇಳುತ್ತೇನೆ. ಒಂದನ್ನು ಹೇಳುತ್ತೇನೆ: “ಮನೆಯಲ್ಲಿ ಫಿಸಿಯೋಥೆರಪಿ ಎಷ್ಟು ದಿನ ಬೇಕು, ಸಮ್ಮರಿಯಲ್ಲಿ ಬರೆಯುತ್ತೀರಾ ಸರ್?” ಇನ್ನೆರಡು ನನ್ನಲ್ಲೇ ಇರಲಿ. ಅವುಗಳಲ್ಲಿ ಸುಳ್ಳಿಲ್ಲ, ಡಾಕ್ಟರು ಅವಸರದಲ್ಲಿ ಬಿಟ್ಟುಬಿಡುವುದನ್ನು ಬರೆಸಿಕೊಳ್ಳುವುದು ಅಷ್ಟೆ.

ಅರವತ್ತು ದಿನ ಅಂದರೆ ಫೆಬ್ರವರಿ 9. ಹಳೆ ಕ್ಯಾಲೆಂಡರ್ ಇಳಿಸುವಾಗ ಕೆಂಪು ಗುರುತುಗಳನ್ನೆಲ್ಲ ಹೊಸದಕ್ಕೆ ಏರಿಸಿದೆ. ಕಾಗದ ಸಲ್ಲಿಸಲು ಕೊನೆಯ ದಿನವಾದ ಫೆಬ್ರವರಿ 24ರ ಚೌಕಕ್ಕೆ ಎರಡು ಸುತ್ತು ಹಾಕಿದೆ. ಫಿಸಿಯೋ ನಲವತ್ತು ಸಲ, ಸಲಕ್ಕೆ 550. ಔಷಧಿ, ಮರುತಪಾಸಣೆ ಸೇರಿ 38 ಸಾವಿರ. ಅಡ್ಮಿಟ್ ಆಗುವ ಮುಂಚಿನದ್ದು 8 ಸಾವಿರ. ಇವೆರಡಕ್ಕೂ ಕೋ-ಪೇ ಹಿಡಿದರು. ದಿನಭತ್ಯೆ ಐದು ದಿನಕ್ಕೆ 5 ಸಾವಿರ, ಆಂಬುಲೆನ್ಸ್ 2 ಸಾವಿರ. ವಾಕರ್‌ಗೆ ಕೊಡಲಿಲ್ಲ.

ಮೊದಲು ಫಿಸಿಯೋದ ಹಣವನ್ನೂ ತಿರಸ್ಕರಿಸಿದ್ದರು, ಆಸ್ಪತ್ರೆಯ ಹೊರಗೆ ಮಾಡಿಸಿದ್ದು ಅಂತ. ಸಮ್ಮರಿಯ ಆ ಸಾಲು, ಪಾಲಿಸಿಯ ಆ ಕಲಮು, ಎರಡರ ಫೋಟೊ ಹಾಕಿ ಕುಂದುಕೊರತೆ ಅಧಿಕಾರಿಗೆ ಮೇಲ್ ಮಾಡಿದೆ. ಮೂವತ್ತು ದಿನದಲ್ಲಿ ಇತ್ಯರ್ಥ ಆಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮೆಯ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುವುದೆಂದು ತೀರ್ಮಾನಿಸಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಹೋಗುವ ಪ್ರಸಂಗ ಬರಲಿಲ್ಲ, ಹತ್ತೊಂಬತ್ತನೇ ದಿನ ದುಡ್ಡು ಬಂತು.

ಎಲ್ಲ ಪ್ರಯೋಗವೂ ಫಲಿಸಲಿಲ್ಲ. 2023ರಲ್ಲಿ ಅತ್ತೆಯ ಮಂಡಿನೋವಿಗೆ ಶಿವಮೊಗ್ಗದಲ್ಲಿ ಪಂಚಕರ್ಮ ಮಾಡಿಸಿ 32 ಸಾವಿರ ಕ್ಲೇಮ್ ಹಾಕಿದೆ. ಮೊದಲ ಮೂರು ದಿನ ನೆಂಟರ ಮನೆಯಿಂದ ಹೋಗಿಬಂದಿದ್ದರು, ಒಳರೋಗಿಯ ದಾಖಲೆ ಸರಿ ಇರಲಿಲ್ಲ. ಪೂರ್ತಿ ತಿರಸ್ಕಾರ. 2024ರ ಏಪ್ರಿಲಿನಿಂದ ಆಯುಷ್ ಚಿಕಿತ್ಸೆಯನ್ನು ಅಲೋಪಥಿಯ ಸಮಕ್ಕೇ ನೋಡಬೇಕು ಅಂತಾಗಿದೆ, ಆದರೂ ಅಡ್ಮಿಟ್ ಆಗದೆ ಕೇಳಬೇಡಿ. ಹೊರರೋಗಿ ವೆಚ್ಚದ ರೈಡರ್ (ಹೆಚ್ಚು ಹಣ ಕಟ್ಟಿ ಪಾಲಿಸಿಗೆ ಸೇರಿಸಿಕೊಳ್ಳುವ ಸೌಲಭ್ಯ) ಕೂಡ ನೋಡಿದೆ: ಸಿಗುವುದು ವರ್ಷಕ್ಕೆ 5 ಸಾವಿರ, ಅದಕ್ಕೆ ಕಟ್ಟಬೇಕಾದದ್ದು 6 ಸಾವಿರದ ಹತ್ತಿರ. ಬೇಡ ಅಂದೆ.

2024ರ ನವೆಂಬರಿನ ಹೊತ್ತಿಗೆ ಪ್ರೀಮಿಯಂ ಜಿಎಸ್‌ಟಿ ಸೇರಿ 42 ಸಾವಿರಕ್ಕೆ ಏರಿತ್ತು. ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ಐಆರ್‌ಡಿಎಐಯನ್ನು ಕೇಳಬೇಕು ಅಂತ 2025ರ ಜನವರಿಯಲ್ಲಿ ನಿಯಮ ಬಂತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಹೋಯಿತು. ಹಾಗಾಗಿ ಶೇ 10 ಏರಿಸಿದರೂ 2025ರ ನವೆಂಬರಿನ ರಿನ್ಯೂವಲ್ 39 ಸಾವಿರಕ್ಕೆ ನಿಂತಿತು. ಉಳಿದ 3 ಸಾವಿರಕ್ಕೆ ಇನ್ನಷ್ಟು ಸೇರಿಸಿ ಬಚ್ಚಲಿಗೆ ಜಾರದ ಟೈಲ್ಸ್, ಗೋಡೆಗೆ ಎರಡು ಸ್ಟೀಲ್ ಹಿಡಿಕೆ ಹಾಕಿಸಿದೆ.