ಯಾರ ಡಬ್ಬಿ ಯಾರ ಮನೆಯಲ್ಲಿ

ಯುಗಾದಿಗೆ ಮುಂಚೆ ಅಡುಗೆಮನೆ ಅಟ್ಟದ ಮೇಲಿನ ಪಾತ್ರೆಪಡಗವನ್ನೆಲ್ಲ ಇಳಿಸಿ, ಹಿತ್ತಾಳೆಯವನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸ್ಟೀಲಿನವನ್ನು ತೊಳೆದು ಬಿಸಿಲಿಗೆ ಬೋರಲು ಹಾಕುವುದು ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ನಡೆದುಬಂದದ್ದು. ಈ ಸಲ ಹಾಗೆ ಹಾಕಿ ಎಣಿಸಿದರೆ ಒಂಬತ್ತು ಡಬ್ಬಿ ನನ್ನವಲ್ಲ. ನನ್ನವು ಏಳು ಕಾಣೆ. ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ, "ಉಂಡೂ ಹೋದ ಕೊಂಡೂ ಹೋದ ಅನ್ನೋದು ಗಂಡಸರ ಮೇಲೆ ಮಾಡಿದ ಗಾದೆ ಅಂದ್ಕೊಂಡಿದ್ದೆ" ಅಂದರು. ಅನ್ನಲಿ. ಒಂದು ವರ್ಷದಲ್ಲಿ ನಾನು ಎಲ್ಲೆಲ್ಲಿ ಹೋಗಿದ್ದೆ, ಯಾರು ಯಾರು ಬಂದು ಹೋದರು ಅನ್ನುವುದಕ್ಕೆ ಡೈರಿ ಬರೆಯುವ ಅಭ್ಯಾಸ ನನಗಿಲ್ಲ. ಆ ಒಂಬತ್ತು ಡಬ್ಬಿಯೇ ನನ್ನ ಲೆಕ್ಕ.

ಮೊದಲು ಡಬ್ಬಿಯ ವಿಷಯವನ್ನೇ ಮುಗಿಸಿಬಿಡುತ್ತೇನೆ. ಹೊಸ ಪಾತ್ರೆ ಕೊಂಡಾಗ ಅಂಗಡಿಯಲ್ಲೇ ಹೆಸರು ಕೊರೆಸಿ, ಅದೂ ಡಬ್ಬಿಯ ಮೇಲೆ ಒಂದು, ಮುಚ್ಚಳದ ಮೇಲೆ ಒಂದು. ಮುಚ್ಚಳಗಳು ಡಬ್ಬಿಗಿಂತ ಬೇಗ ಊರು ಬಿಡುತ್ತವೆ. ಬೇರೆಯವರ ಡಬ್ಬಿ ಮನೆಗೆ ಬಂದ ದಿನವೇ ಒಂದು ಚೀಟಿಯಲ್ಲಿ ಅವರ ಹೆಸರು ಬರೆದು ಒಳಗೆ ಹಾಕಿಡಿ, ನಾಳೆ ನೆನಪಿರುತ್ತದೆ ಅನ್ನಬೇಡಿ. ಖಾಲಿ ಡಬ್ಬಿಯನ್ನು ಮುಚ್ಚಳ ಬಿಗಿದು ಇಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ, ಓರೆಯಾಗಿ ಮುಚ್ಚಿಡಿ. ಉಪ್ಪಿನಕಾಯಿ ಘಾಟು ಕೂತ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಳೇ ಪೇಪರನ್ನು ಮುದುಡಿ ತುಂಬಿ ಎರಡು ದಿನ ಬಿಟ್ಟು, ಆಮೇಲೆ ಬಿಸಿಲಿಗಿಟ್ಟರೆ ಮುಕ್ಕಾಲು ಪಾಲು ಹೋಗುತ್ತದೆ. ವಾಪಸ್ ಕೊಡುವಾಗ ಖಾಲಿ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಸಾಕು.

ಒಂಬತ್ತರಲ್ಲಿ ಒಂದು ಬೆಂಗಳೂರಿನಲ್ಲಿರುವ ಮಗಳದು. ಹೋದ ವರ್ಷ ಏಪ್ರಿಲ್‌ನಲ್ಲಿ ಮೊಮ್ಮಕ್ಕಳಿಗೆ ರಜೆ ಶುರುವಾದಾಗ ಹಾಸನದಿಂದ ಬಸ್ಸಿನಲ್ಲಿ ಹೋಗಿದ್ದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನನ್ನ ಓಡಾಟ ಜಾಸ್ತಿಯಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ದುಡ್ಡು ಕೊಟ್ಟಿಲ್ಲವಲ್ಲ ಅಂತ ಆ ಶೂನ್ಯ ಟಿಕೆಟ್ಟನ್ನು ಉಂಡೆ ಮಾಡಿ ಬಿಸಾಡಬೇಡಿ, ತಪಾಸಣೆಯವರು ಹತ್ತಿದರೆ ಅದನ್ನೇ ಕೇಳುವುದು. ಆಧಾರ್ ಕಾರ್ಡು ಮತ್ತು ಆ ದಿನದ ಮಾತ್ರೆ ಕೈಚೀಲದಲ್ಲಿರಲಿ, ಮೇಲೆ ಇಟ್ಟ ಸೂಟ್‌ಕೇಸಿನಲ್ಲಲ್ಲ. ದಾರಿಯ ಬುತ್ತಿಗೆ ಕಾಯಿತುರಿ ಹಾಕಿದ್ದು ಯಾವುದೂ ಬೇಡ, ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಹಳಸುತ್ತದೆ. ಹುಳಿಯನ್ನ ರಾತ್ರಿವರೆಗೂ ಇರುತ್ತದೆ. ಮೊಸರನ್ನ ಬೇಕೇ ಬೇಕು ಅನ್ನುವವರು ಬೆಳಿಗ್ಗೆ ಅನ್ನಕ್ಕೆ ಹಾಲನ್ನೇ ಧಾರಾಳವಾಗಿ ಹಾಕಿ, ಒಂದು ಚಮಚ ಮೊಸರು ಮಾತ್ರ ಕಲಸಿ. ಊಟದ ಹೊತ್ತಿಗೆ ಅದು ತಾನೇ ಮೊಸರಾಗಿರುತ್ತದೆ, ಹುಳಿಯೂ ಬಂದಿರುವುದಿಲ್ಲ. ತುಪ್ಪ ಒಯ್ಯುವುದಾದರೆ ಹಿಂದಿನ ದಿನವೇ ಡಬ್ಬಿಗೆ ಹಾಕಿ ಗಟ್ಟಿಯಾಗಲು ಬಿಡಿ. ಬಿಸಿ ತುಪ್ಪ ಸುರಿದುಕೊಂಡು ಬಸ್ಸು ಹತ್ತಿದವರ ಸೀರೆಯನ್ನು ನಾನು ನೋಡಿದ್ದೇನೆ.

ಹೋಗುವುದೇನೋ ಸರಿ, ಮನೆ ಮುಚ್ಚಿ ಹೋಗುವುದಿದೆಯಲ್ಲ, ಅದು ಬೇರೆ ವಿದ್ಯೆ. ನಮ್ಮನೆಯವರೂ ಜೊತೆಗೆ ಬಂದಿದ್ದರು, ಹದಿನೆಂಟು ದಿನ ಬೀಗ. ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿದೆ, ಹಾಲಿನವನಿಗೆ ಹೇಳಿದೆ, ಫ್ರಿಜ್ ಖಾಲಿ ಮಾಡಿ ಆರಿಸಿ ಬಾಗಿಲ ಸಂದಿಗೆ ಬಟ್ಟೆ ಸಿಕ್ಕಿಸಿದೆ (ಆರಿಸಿದ ಫ್ರಿಜ್ಜಿನ ಬಾಗಿಲು ಪೂರ್ತಿ ಹಾಕಿದರೆ ಒಳಗೆ ಬೂಷ್ಟು ಬರುತ್ತದೆ). ಬಚ್ಚಲ ಜಾಲರಿಗೆ ಒಂದು ಚೊಂಬು ನೀರು ಹೊಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟೆ. ಎಣ್ಣೆಯ ಪದರ ಇದ್ದರೆ ಕೊಳವೆ ಬಾಗಿನ ನೀರು ಬೇಗ ಆರುವುದಿಲ್ಲ, ಜಿರಲೆಯೂ ವಾಸನೆಯೂ ಮೇಲೆ ಬರುವುದಿಲ್ಲ. ತುಳಸಿ ಬುಡಕ್ಕೆ ನೆನೆಸಿದ ತೆಂಗಿನ ನಾರು ಹೊದಿಸಿದೆ. ಇಷ್ಟೆಲ್ಲ ಮಾಡಿದವಳು ಕಟ್ಟೆಯ ಕೆಳಗಿನ ಬುಟ್ಟಿಯಲ್ಲಿದ್ದ ಮೂರು ಕೆಜಿ ಆಲೂಗಡ್ಡೆ ಮರೆತೆ. ಅದರ ಜೊತೆಗೇ ಈರುಳ್ಳಿ. ವಾಪಸ್ ಬಂದು ಬಾಗಿಲು ತೆಗೆದಾಗ ಬಂದ ನಾತಕ್ಕೆ ನಮ್ಮನೆಯವರು "ಇಲಿ ಸತ್ತಿದೆ" ಅಂತ ಅಟ್ಟವೆಲ್ಲ ಹುಡುಕಿದರು. ಆಲೂಗಡ್ಡೆ ಬೆಳೆಗೆ ಹೆಸರಾದ ಜಿಲ್ಲೆಯವಳಾಗಿ ನನಗೆ ಹೀಗಾಯಿತು ಅಂತ ಯಾರಿಗೂ ಹೇಳಿರಲಿಲ್ಲ. ಬುಟ್ಟಿ ಎಸೆದು, ನೆಲವನ್ನು ಅಡುಗೆ ಸೋಡದಲ್ಲಿ ಎರಡು ಸಲ ತೊಳೆದು, ಕಪಾಟಿನೊಳಗೆ ಒಂದು ಬಟ್ಟಲು ಇದ್ದಿಲು ಇಟ್ಟು ಬಾಗಿಲು ಹಾಕಿದೆ. ಮೂರನೇ ದಿನಕ್ಕೆ ಹೋಯಿತು. ಆಲೂಗಡ್ಡೆ ಈರುಳ್ಳಿ ಎರಡನ್ನೂ ಎಂದೂ ಒಂದೇ ಬುಟ್ಟಿಗೆ ಹಾಕಬೇಡಿ, ಒಟ್ಟಿಗಿದ್ದರೆ ಎರಡೂ ಬೇಗ ಕೆಡುತ್ತವೆ. ಊರಿಗೆ ಹೊರಡುವ ಮುನ್ನ ಇದ್ದಷ್ಟನ್ನೂ ಎದುರು ಮನೆಗೆ ಕೊಟ್ಟುಬಿಡಿ. ಎದುರು ಮನೆಯವರ ಮೂರು ಡಬ್ಬಿ ನನ್ನಲ್ಲಿರುವುದಕ್ಕೂ ಇಂಥ ಕೊಡುಕೊಳ್ಳುವಿಕೆಯೇ ಕಾರಣ.

ಮಗಳ ಮನೆಯಲ್ಲಿ ಹೇಗಿರಬೇಕು ಅಂತ ಕೇಳಿದರೆ ನಾನು ಒಂದೇ ಮಾತು ಹೇಳುವುದು. ಅವಳ ಅಡುಗೆಮನೆಯ ಡಬ್ಬಿ ಜೋಡಿಸಲು ಹೋಗಬೇಡಿ. ಸಾಸಿವೆ ಮೇಲಿನ ಅರೆಯಲ್ಲಿದ್ದರೆ ಅಲ್ಲೇ ಇರಲಿ.

ಜುಲೈನಲ್ಲಿ, ಪುನರ್ವಸು ಮಳೆ ಹಿಡಿದಾಗ, ತವರಿಗೆ ಹೋದೆ. ಮೂಡಿಗೆರೆಯಿಂದ ಒಳಗೆ, ತಮ್ಮನ ತೋಟದ ಮನೆ. "ಈ ಮಳೇಲಿ ಯಾರಾದ್ರೂ ಬರ್ತಾರಾ ಅತ್ತಿಗೆ, ಬೇಸಿಗೇಲಿ ಬನ್ನಿ" ಅಂತ ತಮ್ಮನ ಹೆಂಡತಿ ಪ್ರತಿ ಸಲ ಹೇಳುತ್ತಾಳೆ. ಬೇಸಿಗೆಯಲ್ಲಿ ಎಲ್ಲರೂ ಹೋಗುತ್ತಾರೆ. ನನಗೆ ಬೇಕಾದದ್ದು ಕಳಲೆ ಸಾರು, ಕಡುಬು, ಒಲೆ ಮುಂದೆ ಕೂತು ಮಾತು. ಮಳೆಗಾಲದಲ್ಲಿ ಮಲೆನಾಡಿಗೆ ಹೋಗುವವರು ಕಾಟನ್ ಸೀರೆ ಒಯ್ಯಬೇಡಿ, ನಾಲ್ಕು ದಿನವಾದರೂ ಒಣಗದು. ತೆಳುವಾದ ಸಿಂಥೆಟಿಕ್ ಸೀರೆ, ಒಂದೆರಡು ಲಂಗ ಹೆಚ್ಚಿಗೆ, ಒಂದು ಸ್ವೆಟರು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹಾಗೇ ಬಿಟ್ಟರೆ ಕರಿ ಚುಕ್ಕಿ ಬೀಳುತ್ತದೆ, ಆಮೇಲೆ ಯಾವ ಸೋಪೂ ಕೇಳುವುದಿಲ್ಲ. ತಮ್ಮನ ಹೆಂಡತಿ ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕಿರುತ್ತಾಳೆ, ಬೆಂಕಿಪೊಟ್ಟಣವನ್ನೂ ಅಕ್ಕಿ ಡಬ್ಬಿಯಲ್ಲೇ ಹೂತಿಡುತ್ತಾಳೆ. ನಾನು ಹಾಸನಕ್ಕೆ ಬಂದ ಮೇಲೆ ಮರೆತಿದ್ದ ಬುದ್ಧಿ ಅದು.

ತೋಟಕ್ಕೆ ಕಾಲಿಟ್ಟರೆ ಜಿಗಣೆ ಹತ್ತದೆ ಇರುವುದಿಲ್ಲ. ಕಂಡ ಕೂಡಲೇ ಕಿತ್ತು ಎಳೆಯಬೇಡಿ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಉದುರುತ್ತದೆ. ರಕ್ತ ಬೇಗ ನಿಲ್ಲದಿದ್ದರೆ ಗಾಬರಿಯಾಗಬೇಡಿ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಜಿಗಣೆಯ ಜೊಲ್ಲಿನಲ್ಲೇ ಇದೆ. ತೊಳೆದು ಒಣ ಬಟ್ಟೆ ಒತ್ತಿ ಹಿಡಿದರೆ ಸಾಕು. ಬೆಂಗಳೂರಿನ ಅಳಿಯ ಒಂದು ಸಲ ಇದಕ್ಕೆ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬಂದಿದ್ದ. ಕಳಲೆಯ ವಿಷಯದಲ್ಲಿ ಮಾತ್ರ ಅವಸರ ಬೇಡವೇ ಬೇಡ. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಕೊನೆಗೆ ಕುದಿಸಿ ಆ ನೀರನ್ನೂ ಚೆಲ್ಲಿದ ಮೇಲೇ ಸಾರಿಗೆ. ಕೆಸುವಿನ ಎಲೆಗೆ ಹುಣಸೆಹುಳಿ ಕೈಬಿಡಬೇಡಿ, ಬಿಟ್ಟರೆ ಗಂಟಲು ತುರಿಸಿಕೊಂಡು ಕೂರಬೇಕಾಗುತ್ತದೆ. ಹೊರಟಾಗ ತಮ್ಮನ ಹೆಂಡತಿ ಒಂದು ಡಬ್ಬಿ ಉಪ್ಪುನೀರಲ್ಲಿಟ್ಟ ಕಳಲೆ, ಇನ್ನೊಂದರಲ್ಲಿ ಮಿಡಿ ಉಪ್ಪಿನಕಾಯಿ ಕೊಟ್ಟಳು. ಉಪ್ಪಿನಕಾಯಿ ಒಯ್ಯುವಾಗ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಗಿದು, ಡಬ್ಬಿಯನ್ನು ನಿಲ್ಲಿಸಿ ಸುತ್ತಲೂ ಬಟ್ಟೆ ತುರುಕಿ. ಆ ಎರಡು ಡಬ್ಬಿಯೂ ಇನ್ನೂ ಇಲ್ಲೇ ಇವೆ.

ಅಕ್ಟೋಬರ್ ಬಂತು ಅಂದರೆ ಹಾಸನದವರು ಯಾರೂ ಊರು ಬಿಡುವ ಹಾಗಿಲ್ಲ. ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ, ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತಾರೆ. ಹೋದ ವರ್ಷ ಹಚ್ಚಿಟ್ಟ ದೀಪ ಈ ವರ್ಷ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ ಅನ್ನುವುದು ನಂಬಿಕೆ. ನಮ್ಮ ಮನೆಯ ಒಲೆಯಂತೂ ಆ ದಿನಗಳಲ್ಲಿ ಆರುವುದೇ ಇಲ್ಲ, ಅದಕ್ಕೆ ನಾನೇ ಸಾಕ್ಷಿ. ವರ್ಷವಿಡೀ ಫೋನ್ ಮಾಡದ ನೆಂಟರಿಗೂ ಆಗ ನಮ್ಮ ವಿಳಾಸ ನೆನಪಾಗುತ್ತದೆ. ಈ ಸಲ ಒಂದೇ ರಾತ್ರಿ ಹದಿನಾಲ್ಕು ಜನ.

ಇಷ್ಟು ಜನಕ್ಕೆ ಅಕ್ಕಿರೊಟ್ಟಿ ಮಾಡುತ್ತೇನೆ ಅಂತ ಹೊರಡಬೇಡಿ. ಒಂದೊಂದೇ ತಟ್ಟುತ್ತಾ ನೀವು ಒಲೆ ಮುಂದೆ ನಿಂತಿರುತ್ತೀರಿ, ಮಾತೆಲ್ಲ ಹೊರಗೆ ನಡೆಯುತ್ತಿರುತ್ತದೆ. ಹಬೆಯಲ್ಲಿ ಒಟ್ಟಿಗೆ ಬೇಯುವುದನ್ನೇ ಮಾಡಿ, ಇಡ್ಲಿ ಅಥವಾ ಕಡುಬು. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು. ಆ ಹೊತ್ತಿಗೆ ಹಾಸನದಲ್ಲಿ ರಾತ್ರಿ ಚಳಿ ಶುರುವಾಗಿರುತ್ತದೆ, ಹಿಟ್ಟು ಉಬ್ಬಬೇಕಾದರೆ ಕೈಯಲ್ಲೇ ಚೆನ್ನಾಗಿ ಕಲಸಿ, ಪಾತ್ರೆಗೆ ಹಳೇ ಕಂಬಳಿ ಸುತ್ತಿ ಒಲೆ ಪಕ್ಕ ಇಡಿ. ಕಾಫಿ ಡಿಕಾಕ್ಷನ್ನನ್ನು ರಾತ್ರಿ ಮಲಗುವಾಗಲೇ ಎರಡು ಫಿಲ್ಟರಿಗೆ ಹಾಕಿಬಿಡಿ. ಮೂರು ಗಂಟೆಗೆ ಎದ್ದು ಸಾಲಿಗೆ ಹೋಗುವವರು ನಿಮ್ಮನ್ನು ಎಬ್ಬಿಸದೆ ಹಾಲು ಕಾಯಿಸಿಕೊಂಡು ಕುಡಿದು ಹೋಗುತ್ತಾರೆ. ಹಾಸಿಗೆ ಕಂಬಳಿ ಹಬ್ಬದ ಹಿಂದಿನ ವಾರವೇ ಎರಡು ಬಿಸಿಲು ಕಾಣಲಿ. ಬಿಸಿನೀರಿಗೆ ಪಾಳಿ ನೀವೇ ಹೇಳಿ, ಸಂಕೋಚ ಬೇಡ, ಮೊದಲು ವಯಸ್ಸಾದವರು, ಕೊನೆಗೆ ಹುಡುಗರು. ಸಾಲಿಗೆ ಹೋಗುವವರಿಗೆ ಹಳೇ ಚಪ್ಪಲಿ ಹಾಕಿಸಿ, ಸರ ಬಳೆ ಮನೆಯಲ್ಲೇ ಬಿಚ್ಚಿಡಿಸಿ, ಮಕ್ಕಳ ಜೇಬಿಗೆ ಫೋನ್ ನಂಬರಿನ ಚೀಟಿ ಹಾಕಿ. 300 ರೂಪಾಯಿ, 1000 ರೂಪಾಯಿ ಟಿಕೆಟ್ಟಿನ ಸಾಲೂ ಇದೆ. ಟಿಕೆಟ್ ತೆಗೆದವರು ಬೇಗ ಬಂದರು, ಧರ್ಮದರ್ಶನದ ಸಾಲಿನಲ್ಲಿ ನಿಂತ ನಮ್ಮ ಬೀಗಿತ್ತಿ ಏಳು ಗಂಟೆ ತಡವಾಗಿ ಬಂದರು, ಬಂದವರೇ "ನಾನು ನಿಂತು ನೋಡಿದ್ದು" ಅಂತ ಎಲ್ಲರಿಗಿಂತ ಜಂಬದಲ್ಲಿದ್ದರು. ಅವರು ತಂದಿದ್ದ ಕೋಡುಬಳೆ ಡಬ್ಬಿಯೇ ಒಂಬತ್ತರಲ್ಲಿ ಇನ್ನೊಂದು.

ಹೊರಡುವ ಹೆಂಗಸರಿಗೆ ಅರಿಶಿನ ಕುಂಕುಮದ ಜೊತೆ ರವಿಕೆ ಕಣ ಕೊಡುವುದಿದೆಯಲ್ಲ, ನಾನು ಈ ವರ್ಷದಿಂದ ನಿಲ್ಲಿಸಿದೆ. ಎರಡು ವರ್ಷದ ಹಿಂದೆ ನಾನೇ ಕೊಟ್ಟಿದ್ದ ನವಿಲುಬಣ್ಣದ ಕಣ, ಅಂಚಿನಲ್ಲಿದ್ದ ಅದೇ ಕಲೆಯೊಂದಿಗೆ, ದಾಸರಹಳ್ಳಿ ಕಡೆಯ ನೆಂಟರ ಮನೆಯಲ್ಲಿ ನನಗೇ ಬಂತು. ಈಗ ಕಾಲು ಕೆಜಿ ಕಾಫಿಪುಡಿ ಕೊಡುತ್ತೇನೆ. ಆ ದಿನವೇ ಪುಡಿ ಮಾಡಿಸಿ, ಚಿಕ್ಕ ಪೊಟ್ಟಣಗಳಾಗಿ ಕಟ್ಟಿಸಿ. ದೊಡ್ಡ ಪೊಟ್ಟಣ ಒಡೆದಿಟ್ಟರೆ ಘಮ ಹದಿನೈದು ದಿನದಲ್ಲಿ ಇಳಿದುಹೋಗುತ್ತದೆ. ಸಕ್ಕರೆ ಕಾಯಿಲೆಯವರ ಮನೆಗೆ ಸಿಹಿ ಒಯ್ಯುವ ಬದಲು ಜನವರಿಯಲ್ಲಾದರೆ ಹಿದುಕಿದ ಅವರೆಕಾಳು ಒಯ್ಯಿರಿ. ಅದನ್ನು ಹಿದುಕಿ ಕೊಟ್ಟವರನ್ನು ಯಾವ ಸೊಸೆಯೂ ಮರೆಯುವುದಿಲ್ಲ.

ಅರಸೀಕೆರೆಯ ಗೆಳತಿ ಮತ್ತು ನಾನು ಒಂದೇ ಬೆಂಚಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಡಿಸೆಂಬರಿನಲ್ಲಿ ಅವಳು, ನಾನು, ಇನ್ನೂ ಮೂವರು ಹಗಲು ರೈಲಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋದೆವು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. ಒಂದೊಂದು ಸುರಂಗ ಬಂದಾಗಲೂ ಮಕ್ಕಳು ಕೂಗುತ್ತಿದ್ದವು, ಹತ್ತನೆಯದರಿಂದ ನಾವೂ ಕೂಗಿದೆವು. ಘಟ್ಟ ಇಳಿಯುವಾಗ ವಾಂತಿ ಬರುವವರು ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಹೊಟ್ಟೆ ಬಿರಿಯೆ ತಿಂದೂ ಹೋಗಬೇಡಿ. ರೈಲಿಗಿಂತ ಬಸ್ಸಿಗೆ ಇದು ಹೆಚ್ಚು ಅನ್ವಯ. ಚಕ್ರದ ಮೇಲಿನ ಸೀಟು ಬಿಟ್ಟು ಮುಂದಿನ ಸೀಟು ಹಿಡಿದು ರಸ್ತೆ ನೋಡುತ್ತಾ ಕೂರಿ, ಬಾಯಲ್ಲಿ ಒಂದು ಚೂರು ಒಣಶುಂಠಿ ಇರಲಿ.

ಆ ಉತ್ಸಾಹದಲ್ಲೇ ಫೆಬ್ರವರಿಯಲ್ಲಿ ಶ್ರವಣಬೆಳಗೊಳಕ್ಕೆ ಹೋಗಿ ಪೆಟ್ಟು ತಿಂದೆವು. ಹರಟುತ್ತಾ ಹೊರಟದ್ದೇ ತಡ, ಹನ್ನೊಂದೂವರೆಗೆ ಬೆಟ್ಟ ಹತ್ತಲು ಶುರು. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು, ಬಂಡೆ ಕಾದ ಹಂಚಿನ ಹಾಗೆ. 58 ಅಡಿ ಗೊಮ್ಮಟನ ಪಾದದ ಹತ್ತಿರ ನಾವು ನಮ್ಮ ಪಾದ ನೋಡಿಕೊಳ್ಳುತ್ತಾ ನಿಂತಿದ್ದೆವು. ಬೆಳಿಗ್ಗೆ ಎಂಟರೊಳಗೆ ಹತ್ತಿ ಇಳಿದುಬಿಡಿ, ಚೀಲದಲ್ಲಿ ಒಂದು ಜೊತೆ ದಪ್ಪ ಸಾಕ್ಸ್ ಇರಲಿ. ಬೇಲೂರು ಹಳೇಬೀಡಿನ ಅಂಗಳದ ಕಲ್ಲಿಗೂ ಇದೇ ಮಾತು. ಮಂಡಿ ನೋವಿನವರಿಗೆ ಶ್ರವಣಬೆಳಗೊಳದಲ್ಲಿ ಡೋಲಿ ಸಿಗುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಗೆಳತಿ ಮಾತ್ರ ನಾಚಿಕೊಂಡು ನಡೆದು ಒಂದು ವಾರ ಮಲಗಿದಳು. ಅವಳನ್ನು ನೋಡಲು ಹೋದಾಗ ಒಂದು ಡಬ್ಬಿ ಕೊಬ್ಬರಿ ಕೊಟ್ಟು ಕಳಿಸಿದಳು. ಕೊಬ್ಬರಿ ಬಟ್ಟಲನ್ನು ತೊಗರಿಬೇಳೆ ಡಬ್ಬಿಯಲ್ಲಿ ಹುಗಿದಿಟ್ಟರೆ ಬೂಷ್ಟು ಹಿಡಿಯುವುದಿಲ್ಲ ಅಂತ ಹೇಳಿಕೊಟ್ಟವಳೂ ಅವಳೇ, ಕೊಬ್ಬರಿ ಸೀಮೆಯವಳಲ್ಲವೇ.

ಈ ತಿಂಗಳು ಒಂದೊಂದನ್ನೇ ತಲುಪಿಸುತ್ತಿದ್ದೇನೆ. ಎದುರು ಮನೆಯ ಮೂರಕ್ಕೆ ಒಬ್ಬಟ್ಟು ಹಾಕಿ ಹಬ್ಬದ ದಿನವೇ ಕೊಟ್ಟೆ, ಅವರು ಅದರಲ್ಲಿ ಒಂದನ್ನು ತಂಬಿಟ್ಟು ತುಂಬಿ ಮತ್ತೆ ಕಳಿಸಿದ್ದಾರೆ, ಹೋಗಲಿ. ಅರಸೀಕೆರೆಯದಕ್ಕೆ ಅವರೆಕಾಳು, ಬೀಗಿತ್ತಿಯದಕ್ಕೆ ಚಟ್ನಿಪುಡಿ. ತಮ್ಮನ ಮನೆಯವನ್ನು ನಾನೇ ಮಳೆ ಬಂದ ಮೇಲೆ ಒಯ್ಯುತ್ತೇನೆ.

ಕೊನೆಯದೊಂದು ಉಳಿದಿದೆ. ಎರಡು ಸೇರಿನ ಡಬ್ಬಿ, ಮೇಲೆ ಚುಕ್ಕಿಚುಕ್ಕಿಯಾಗಿ ಹೆಚ್.ಎನ್.ಪಿ., 1987 ಅಂತ ಕೊರೆಸಿದ್ದಾರೆ. ಮೂಡಿಗೆರೆಗೆ, ಬೆಂಗಳೂರಿಗೆ, ಅರಸೀಕೆರೆಗೆ ಎಲ್ಲ ಕಡೆ ಫೋನ್ ಮಾಡಿ ಕೇಳಿದೆ. ಹಾಸನಾಂಬೆಗೆ ಬಂದಿದ್ದ ಹದಿನಾಲ್ಕು ಜನರನ್ನೂ ಕೇಳಿದೆ. ಯಾರದೂ ಅಲ್ಲವಂತೆ. ಸದ್ಯಕ್ಕೆ ಮೆಂತ್ಯ ತುಂಬಿಟ್ಟಿದ್ದೇನೆ. ಮುಚ್ಚಳ ಎಷ್ಟು ಗಟ್ಟಿಯಾಗಿ ಕೂರುತ್ತದೆ ಅಂದರೆ, ಇಷ್ಟೊಂದು ಜನರನ್ನು ಕೇಳಬಾರದಿತ್ತೇನೋ ಅನ್ನಿಸುತ್ತಿದೆ.