ಏಳನೇ ಸುತ್ತಿನ ಹುಡುಗ ನಿಲ್ಲುತ್ತಾನಾ? ಅಳೆಯುವುದು ಹೀಗೆ

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್ ಏಪ್ರಿಲ್ ಹೊತ್ತಿಗೆ ಮೂರು ದಿನ ನಡೆಯುತ್ತದೆ. ಅಲ್ಲಿನ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು ಇಲ್ಲೇ. 32 ತಂಡ, 7 ಸುತ್ತು, ಸುಮಾರು 260 ಹುಡುಗರು. ಮೊದಲ ಸುತ್ತಿನವರ ಫೋಟೊ ಎಲ್ಲ ಕಡೆ ಬರುತ್ತದೆ. ಕೊನೆಯ ದಿನ ಆರನೇ, ಏಳನೇ ಸುತ್ತಿನಲ್ಲಿ ಆಯ್ಕೆಯಾದವನನ್ನು ಕೇಳುವವರೇ ಕಮ್ಮಿ. ಆದರೆ ಅವನು ರನ್ನಿಂಗ್ ಬ್ಯಾಕ್ ಆಗಿದ್ದರೆ, ಅಂದರೆ ಚೆಂಡನ್ನು ಎದೆಗೆ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವವನಾದರೆ, ಅಷ್ಟು ಬೇಗ ಪುಟ ತಿರುಗಿಸಬೇಡಿ. ಡೆನ್ವರ್ ತಂಡದ ಟೆರೆಲ್ ಡೇವಿಸ್ 1995ರಲ್ಲಿ 196ನೆಯವರಾಗಿ ಬಂದರು. 1998ರ ಒಂದೇ ಸೀಸನ್‌ನಲ್ಲಿ 2,008 ಗಜ ಓಡಿದರು.

ಅಮೆರಿಕದಲ್ಲಿರುವ ನಮ್ಮವರಲ್ಲಿ ಆಫೀಸಿನ ಫ್ಯಾಂಟಸಿ ಲೀಗ್ (ನಿಜ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ಆಟದ ಅಂಕಿಗಳ ಮೇಲೆ ಪೈಪೋಟಿ ಮಾಡುವ ಆಟ) ಸೇರಿ, ಆಗಸ್ಟ್ ಬಂದಾಗ ಯಾರನ್ನು ಆರಿಸೋದು ಅಂತ ತಲೆ ಕೆರೆದುಕೊಳ್ಳುವವರಿದ್ದಾರೆ. ಅವರಿಗೆ ನನ್ನದು ಒಂದೇ ಮಾತು: ಹುಡುಗನ ಕಾಲು ನೋಡುವ ಮೊದಲು ಅವನಿಗೆ ತಂಡದಲ್ಲಿ ಜಾಗ ಎಲ್ಲಿದೆ ನೋಡಿ.

ಮೊದಲು ತಂಡದ ಪಟ್ಟಿ ತೆಗೆಯಿರಿ

ಅವನಿಗಿಂತ ಮುಂದೆ ಯಾರಿದ್ದಾರೆ? ಅವರ ವಯಸ್ಸೆಷ್ಟು, ಹಿಂದಿನ ವರ್ಷ ಎಷ್ಟು ಪಂದ್ಯ ತಪ್ಪಿಸಿಕೊಂಡಿದ್ದಾರೆ, ಒಪ್ಪಂದ ಯಾವಾಗ ಮುಗಿಯುತ್ತದೆ? 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೂರನೇ ಸುತ್ತಿನಲ್ಲಿ ಟ್ರೇ ಸರ್ಮನ್, ಆರನೇ ಸುತ್ತಿನಲ್ಲಿ ಎಲೈಜಾ ಮಿಚೆಲ್ ಅವರನ್ನು ತೆಗೆದುಕೊಂಡಿತು. ಮೊದಲ ಪಂದ್ಯದಲ್ಲೇ ಹಿರಿಯ ಆಟಗಾರ ರಹೀಮ್ ಮೋಸ್ಟರ್ಟ್ ಮಂಡಿಗೆ ಪೆಟ್ಟು ಮಾಡಿಕೊಂಡರು. ಒಳಗೆ ಬಂದ ಮಿಚೆಲ್ ಅವತ್ತೇ 104 ಗಜ ಓಡಿದರು, ಸೀಸನ್ ಮುಗಿಯುವಾಗ 963. ಸರ್ಮನ್ ಅವರನ್ನು ಮರುವರ್ಷವೇ ಕೈಬಿಟ್ಟರು. ಡ್ರಾಫ್ಟ್ ಸಂಖ್ಯೆಗೆ ತಲೆಬಾಗದ ತಂಡಗಳೂ ಇರುತ್ತವೆ, ಅಲ್ವಾ? ಆದರೆ ಇದರ ಇನ್ನೊಂದು ಮುಖವನ್ನೂ ಮರೆಯಬೇಡಿ. ಕೊನೆಯ ಸುತ್ತಿನವನ ಮೇಲೆ ಸುರಿದ ದುಡ್ಡು ಕಡಿಮೆ. ಹಾಗಾಗಿ ಕಳಿಸಿಬಿಡುವುದೂ ಸುಲಭ.

ಕಾಲೇಜಿನ ಅಂಕಿಗಳನ್ನು ಹಿಂಡಿ ನೋಡಿ

ಒಟ್ಟು ಗಜ ನೋಡಿ ಮರುಳಾಗಬೇಡಿ. ಮುಂದೆ ದಾರಿ ಮಾಡಿಕೊಡುವ ಐದು ಜನ ಗಟ್ಟಿಗರಾಗಿದ್ದರೆ ಯಾರು ಬೇಕಾದರೂ ಓಡುತ್ತಾರೆ. ಎದುರಾಳಿಯ ಕೈ ತಾಗಿದ ಮೇಲೆ ಎಷ್ಟು ಗಜ ಗಳಿಸಿದ ಎಂಬ ಲೆಕ್ಕ ಹುಡುಕಿ. ಕಬಡ್ಡಿ ರೇಡರ್ ಮೂವರು ಹಿಡಿದಿದ್ದರೂ ಗೆರೆಯತ್ತ ಎಳೆದುಕೊಂಡೇ ಹೋಗುತ್ತಾನಲ್ಲ, ಆ ಗುಣ ಅದರಲ್ಲಿ ಕಾಣುತ್ತದೆ. ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ ಐಸಯಾ ಪಚೆಕೊ ಅವರ ಸರಾಸರಿ ಓಟಕ್ಕೆ 4 ಗಜವೂ ಇರಲಿಲ್ಲ. ಬಲವಿಲ್ಲದ ತಂಡ ಅದು. 2022ರ ಡ್ರಾಫ್ಟ್‌ನಲ್ಲಿ 251ನೆಯವರಾಗಿ ಕ್ಯಾನ್ಸಸ್ ಸಿಟಿಗೆ ಬಂದರು. ಮೊದಲ ಸೀಸನ್‌ನಲ್ಲಿ 830 ಗಜ ಓಡಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಟಚ್‌ಡೌನ್ ಕೂಡ ಹೊಡೆದರು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರು.

ವೇಗಕ್ಕೆ ತೂಕ ಸೇರಿಸಿ ಓದಿ

40 ಗಜದ ಓಟದ ಸಮಯ ಎಲ್ಲರ ಬಾಯಲ್ಲೂ ಇರುತ್ತದೆ. ಪಚೆಕೊ 4.37 ಸೆಕೆಂಡಿನಲ್ಲಿ ಓಡಿದರು, ಅದೂ ಸುಮಾರು 98 ಕಿಲೊ ತೂಕ ಇಟ್ಟುಕೊಂಡು. ಅದು ದೊಡ್ಡ ಮಾತೇ. ಆದರೆ ಅದೇ ವರ್ಷ ಐದನೇ ಸುತ್ತಿನಲ್ಲಿ ಬಂದ ಕೈರನ್ ವಿಲಿಯಮ್ಸ್ 4.65 ಸೆಕೆಂಡು ತೆಗೆದುಕೊಂಡಿದ್ದರು. ತೂಕವೂ ಹೆಚ್ಚಿಲ್ಲ. ಹಾಗಿದ್ದೂ 2023ರಲ್ಲಿ ರ್‍ಯಾಮ್ಸ್ ತಂಡದ ಪರ 12 ಪಂದ್ಯಗಳಲ್ಲಿ 1,144 ಗಜ! ಅವರನ್ನು ಮೈದಾನದಲ್ಲಿ ಉಳಿಸಿದ್ದರಲ್ಲಿ ಇನ್ನೊಂದು ಕೆಲಸದ ಪಾಲೂ ಇದೆ. ಅದಕ್ಕೇ ಬರುತ್ತೇನೆ.

ಚೆಂಡು ಕೈಯಲ್ಲಿಲ್ಲದಾಗ ನೋಡಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆಗಸ್ಟ್‌ನ ಅಭ್ಯಾಸ ಪಂದ್ಯದ ವಿಡಿಯೊ ಹಾಕಿ. ಥರ್ಡ್ ಡೌನ್ (10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ 7–8 ಗಜ ಬೇಕು, ಚೆಂಡು ಎಸೆದು ಪಾಸ್ ಮಾಡಲೇಬೇಕು ಅನ್ನುವ ಸಂದರ್ಭ ಹುಡುಕಿ. ಸ್ನ್ಯಾಪ್ ಆಗುವ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಮುಂಚೆ ವಿಡಿಯೊ ನಿಲ್ಲಿಸಿ. ನಮ್ಮ ಹುಡುಗ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಪಕ್ಕ ನಿಂತಿರುತ್ತಾನೆ. ಅವನ ತಲೆ ಯಾವ ಕಡೆ ತಿರುಗುತ್ತಿದೆ? ಮುಂದೆ ಅಡ್ಡಾಡುತ್ತಿರುವ ಲೈನ್‌ಬ್ಯಾಕರ್‌ಗಳನ್ನು, ಅಂದರೆ ಎದುರಾಳಿಯ ರಕ್ಷಣಾ ಆಟಗಾರರನ್ನು ಎಣಿಸುತ್ತಿದ್ದಾನಾ, ಸುಮ್ನೆ ನಿಂತಿದ್ದಾನಾ?

ಈಗ ವಿಡಿಯೊ ಓಡಲು ಬಿಡಿ. ಇಬ್ಬರು ಒಟ್ಟಿಗೆ ನುಗ್ಗಿದರೆ ನಡುವಿನಿಂದ ಬರುವವನನ್ನು ಮೊದಲು ತಡೆಯಬೇಕು, ಅವನಿಗೆ ದಾರಿ ಹತ್ತಿರ. ಒಳ್ಳೆಯವನು ಒಂದು ಹೆಜ್ಜೆ ಮುಂದೆ ಹೋಗಿ, ಮಂಡಿ ಬಗ್ಗಿಸಿ, ಎರಡೂ ಕೈ ಎದುರಾಳಿಯ ಎದೆಗೆ ಕೊಟ್ಟು ನಿಲ್ಲುತ್ತಾನೆ. ಕಲಿಯಬೇಕಾದವನು ತಲೆ ತಗ್ಗಿಸಿ ಭುಜ ಎಸೆಯುತ್ತಾನೆ. ಎದುರಿನವನು ಪಕ್ಕಕ್ಕೆ ಸರಿದರೆ ಸಾಕು, ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ತಂಡದಲ್ಲಿ ಎಲ್ಲರಿಗಿಂತ ದುಬಾರಿ ಆಟಗಾರನನ್ನು ಹೀಗೆ ಬೀಳಿಸಿದವನನ್ನು ಯಾವ ಕೋಚ್ ತಾನೇ ಮತ್ತೆ ಕಳಿಸುತ್ತಾನೆ?

ಚೆಂಡು ಹಿಡಿಯುವುದೂ ಇದರ ಜತೆಗೇ ಬರುತ್ತದೆ. 2012ರಲ್ಲಿ ವಾಷಿಂಗ್ಟನ್‌ಗೆ ಆರನೇ ಸುತ್ತಿನಲ್ಲಿ ಬಂದ ಆಲ್ಫ್ರೆಡ್ ಮಾರಿಸ್ ಮೊದಲ ವರ್ಷವೇ 1,613 ಗಜ ಓಡಿದರು. ಹಿಡಿದ ಪಾಸ್ ಮಾತ್ರ 11. ಕೋಚ್ ಮೈಕ್ ಶಾನಹನ್ 2013ರ ಕೊನೆಗೆ ಹೋದರು, ಮಾರಿಸ್ ಗಜಗಳು ವರ್ಷವರ್ಷ ಇಳಿದವು. ಡೇವಿಸ್ ಅವರನ್ನು ಬೆಳೆಸಿದ್ದೂ ಇದೇ ಶಾನಹನ್. ಕೋಚ್ ಯಾರು ಎಂಬುದನ್ನೂ ಅದಕ್ಕೇ ಬರೆದುಕೊಳ್ಳಿ ಅನ್ನೋದು.

ಕಿಕ್‌ಆಫ್ ಬಿಟ್ಟು ಚಹಾಕ್ಕೆ ಏಳಬೇಡಿ

53 ಜನರ ಪಟ್ಟಿಯಲ್ಲಿ ಮೂರನೇ, ನಾಲ್ಕನೇ ರನ್ನಿಂಗ್ ಬ್ಯಾಕ್‌ಗೆ ಸಂಬಳ ಸಿಗುವುದೇ ಕಿಕ್ ಹೊಡೆಯುವ, ಹಿಡಿಯುವ ಹೊತ್ತಿಗೆ ಇಳಿಯುವ ಸ್ಪೆಷಲ್ ಟೀಮ್‌ನಲ್ಲಿ ಬೆವರು ಸುರಿಸಿದ್ದಕ್ಕೆ. ಡೇವಿಸ್ ಮೊದಲು ಕೋಚ್‌ಗಳ ಕಣ್ಣಿಗೆ ಬಿದ್ದದ್ದು ಓಟದಿಂದಲ್ಲ. 1995ರಲ್ಲಿ ಟೋಕಿಯೊದಲ್ಲಿ ನಡೆದ ಅಭ್ಯಾಸ ಪಂದ್ಯದಲ್ಲಿ, ಕಿಕ್ ಹಿಡಿದು ಬರುತ್ತಿದ್ದ ಎದುರಾಳಿಗೆ ಕೊಟ್ಟ ಒಂದು ಜೋರು ಟ್ಯಾಕಲ್‌ನಿಂದ.

ಸೀಸನ್ ಶುರುವಾದ ಮೇಲೆ ಮೊದಲ ನಾಲ್ಕು ವಾರ ಗಜ ಲೆಕ್ಕ ಹಾಕಬೇಡಿ. ಎಷ್ಟು ಸ್ನ್ಯಾಪ್ ಆಡಿದ, ಥರ್ಡ್ ಡೌನ್‌ನಲ್ಲಿ ಒಳಗಿದ್ದನಾ, ಚೆಂಡು ಕೈಜಾರಿತಾ, ಇಷ್ಟು ಸಾಕು. 53ರಲ್ಲಿ ಹೆಸರೇ ಬರದಿದ್ದರೂ ಪ್ರಾಕ್ಟೀಸ್ ಸ್ಕ್ವಾಡ್ (ತಂಡದ ಜತೆ ಅಭ್ಯಾಸ ಮಾಡುವ ಮೀಸಲು ಆಟಗಾರರು) ಪಟ್ಟಿ ನೋಡಿ. ಅಲ್ಲಿಂದ ಬೇರೆ ತಂಡ ಎತ್ತಿಕೊಳ್ಳಬಹುದು. ಮೋಸ್ಟರ್ಟ್ ಅವರನ್ನು 2015ರಲ್ಲಿ ಯಾರೂ ಡ್ರಾಫ್ಟ್ ಮಾಡಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸೇರುವ ಮುಂಚೆ ಆರು ತಂಡಗಳು ಬಿಟ್ಟು ಕಳಿಸಿದ್ದವು. 2023ರಲ್ಲಿ, 31ನೇ ವಯಸ್ಸಿನಲ್ಲಿ, ಮಯಾಮಿ ಪರ ಓಡಿಯೇ 18 ಟಚ್‌ಡೌನ್ ಹೊಡೆದರು. ಆ ಆರರಲ್ಲಿ ಮಯಾಮಿಯೂ ಒಂದು.