‘ನಿಮಗೇನು ಬಿಡಿ, ತೋಟ ಇದೆ’ ಅನ್ನುವವರ ಜೊತೆ ಕೆಲಸ ಮಾಡುವುದು

ಕೊಡಗಿನಲ್ಲಿ ಸಂಬಳಕ್ಕೆ ದುಡಿಯುವವರಿಗೆ ಸಿಗುವ ಚುಚ್ಚುಮಾತು ಎರಡು ಥರ. ತೋಟ ಇದ್ದರೆ, “ನಿಮಗೇನು ಬಿಡಿ ಅಕ್ಕ, ಸಂಬಳ ಬರೀ ಪಾಕೆಟ್ ಮನಿ.” ತೋಟ ಇಲ್ಲದಿದ್ದರೆ, “ಈ ಸಂಬಳದಲ್ಲಿ ಹೊಸ ಸ್ಕೂಟರ್ ಹೇಗೆ ತಗೊಂಡ್ರಿ?” ನಾನು ಮೂರ್ನಾಡಿನಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ ಬಂದು ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಕಡೆ ಸ್ವಲ್ಪ ಕಾಫಿ ಇದೆ. ಹಾಗಾಗಿ ನನಗೆ ಎರಡನ್ನೂ ಸೇರಿಸಿ ಕೊಡುತ್ತಾರೆ. “ತೋಟ ಇಟ್ಕೊಂಡು ಬಸ್ಸಲ್ಲಿ ನೇತಾಡ್ತೀರಲ್ಲ ಅಕ್ಕ, ದುಡ್ಡೆಲ್ಲ ಎಲ್ಲಿ ಹೂತಿಡ್ತೀರ?” ಸುತ್ತ ಕೂತ ನಾಲ್ಕು ಜನ ನಗುತ್ತಾರೆ.

ಇದಕ್ಕೆ ನನ್ನ ಮೊದಲ ಸಲಹೆ, ಲೆಕ್ಕ ಒಪ್ಪಿಸಬೇಡಿ.

ಒಪ್ಪಿಸುವ ಆಸೆ ಮಾತ್ರ ಬಹಳ ಬರುತ್ತದೆ, ಯಾಕೆಂದರೆ ಅವರು ಹಾಕುವ ಲೆಕ್ಕ ಅಷ್ಟು ತಪ್ಪು. 2020ರ ಸುಮಾರಿಗೆ ರೊಬಸ್ಟಾ ಚೆರ್ರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, 50 ಕೆ.ಜಿ. ಚೀಲಕ್ಕೆ 4,000 ರೂಪಾಯಿ ಮುಟ್ಟುತ್ತಿರಲಿಲ್ಲ. 2025ರ ಆರಂಭದಲ್ಲಿ 10,000 ದಾಟಿತ್ತು. ರೇಟು ದಿನಾ ಬೆಳಿಗ್ಗೆ ಎಲ್ಲರ ಮೊಬೈಲಿಗೂ ಬರುತ್ತದೆ. ಪಕ್ಕದ ಟೇಬಲ್ಲಿನವರು ಅದನ್ನು ನಿಮ್ಮ ಎಕರೆಗೆ ಗುಣಿಸಿ, ಬಂದ ಮೊತ್ತವನ್ನು ನಿಮ್ಮ ಬ್ಯಾಗಿನಲ್ಲಿ ಇಟ್ಟೇ ಬಿಡುತ್ತಾರೆ. ಆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಜನವರಿಯಿಂದ ಮಾರ್ಚ್‌ವರೆಗಿನ ಕೊಯ್ಲು ಮುಗಿದ ಮೇಲೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಡೀಸೆಲ್. ಆಮೇಲೆ ಕಪಾತು (ಗಿಡದ ರೆಂಬೆ ಸವರುವುದು), ಗೊಬ್ಬರ, ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಕೊಯ್ಲಿನ ಕೂಲಿ. ಜಾಗ ಜಮ್ಮಾ (ಕೊಡಗಿನಲ್ಲಿ ಮನೆತನಕ್ಕೆ ಸೇರಿ ಬರುವ ಜಮೀನು) ಆಗಿದ್ದು ಪಹಣಿಯಲ್ಲಿ ಅಜ್ಜನ ಕಾಲದ ಹೆಸರುಗಳೇ ಉಳಿದಿದ್ದರೆ ಬ್ಯಾಂಕ್ ಸಾಲಕ್ಕೂ ಒದ್ದಾಟ.

ಇಷ್ಟೆಲ್ಲ ಗೊತ್ತಿದ್ದೂ ಟೀ ಹೊತ್ತಿನಲ್ಲಿ ನಾನು ಬಾಯಿ ಬಿಡುವುದಿಲ್ಲ. “ಕೂಲಿಗೇ ಅರ್ಧ ಹೋಗುತ್ತೆ ಅಣ್ಣ” ಅಂದರೆ, “ಹೌದಾ, ಎಷ್ಟು ಜನ ಹಾಕ್ತೀರ? ಹಾಗಾದ್ರೆ ಎಷ್ಟು ಚೀಲ ಆಗುತ್ತೆ?” ಅಂತ ಮುಂದಿನ ಪ್ರಶ್ನೆ ಬರುತ್ತದೆ. ಪಹಣಿ ವಿಷಯ ಎತ್ತಿದರೆ ನಾಳೆಯಿಂದ ನಿಮ್ಮ ಅಣ್ಣತಮ್ಮಂದಿರ ಪಾಲಿನ ಜಗಳ ಆಫೀಸಿನ ಮಾತಾಗುತ್ತದೆ. ನೀವು ಕೊಡುವ ಒಂದೊಂದು ವಿವರವೂ ಮುಂದಿನ ಮಾತಿಗೆ ಸೌದೆ. ಅದೂ ಅಲ್ಲದೆ, ಒಮ್ಮೆ ಉತ್ತರ ಕೊಟ್ಟರೆ ಕೇಳುವ ಹಕ್ಕು ಅವರಿಗಿದೆ ಅಂತ ನೀವೇ ಒಪ್ಪಿದ ಹಾಗೆ.

ಹಾಗಂತ ದುಡ್ಡಿನ ಮಾತೆಲ್ಲ ಚುಚ್ಚುಮಾತಲ್ಲ. ಒಬ್ಬರೇ ಸಿಕ್ಕಾಗ ಮೆಲ್ಲಗೆ “ಚಿನ್ನದ ಸಾಲಕ್ಕೆ ಬಡ್ಡಿ ಎಷ್ಟು ಹಾಕ್ತಾರೆ?” ಅಂತ ಕೇಳುವವರಿಗೆ ಬಹುಶಃ ಅವರದ್ದೇ ತಾಪತ್ರಯ ಇರುತ್ತದೆ. ಅವರ ಜೊತೆ ಮಾತಾಡಿ. ಚುಚ್ಚುವವರಿಗೆ ನೋಡಲು ಜನ ಬೇಕು. ನಾಲ್ಕು ಜನ ಇದ್ದಾಗ ಮಾತ್ರ ಬಾಯಿ ಬರುತ್ತದಾ ಅಂತ ಒಂದು ವಾರ ಗಮನಿಸಿ, ಗೊತ್ತಾಗುತ್ತದೆ.

ಇನ್ನೊಂದು ಗುಂಪನ್ನೂ ಬೇರೆ ಇಡಬೇಕು. ನಿಮ್ಮ ಸಾಲಕ್ಕೆ ಸಹೋದ್ಯೋಗಿಯೊಬ್ಬರು ಜಾಮೀನು ಹಾಕಿದ್ದರೆ ಅಥವಾ ನೀವು ಅವರಿಂದ ಕೈಗಡ ತಗೊಂಡಿದ್ದರೆ, “ಹೊಸ ಫೋನ್ ತಗೊಂಡ್ರಾ?” ಅಂತ ಕೇಳುವುದರಲ್ಲಿ ಅವರಿಗೂ ಪಾಲಿದೆ. ನೀವು ಕಂತು ಕಟ್ಟದಿದ್ದರೆ ಸಾಮಾನ್ಯವಾಗಿ ಜಾಮೀನು ಹಾಕಿದವರ ಹೊಣೆ ನಿಮ್ಮಷ್ಟೇ. ಅವರ ಸಂಬಳಕ್ಕೂ ಕೈ ಬರಬಹುದು. ಅಂಥವರಿಗೆ ಕಂತಿನ ರಸೀದಿ ತೋರಿಸಿ. ಕೈಗಡ ಯಾವ ತಿಂಗಳು ಎಷ್ಟು ವಾಪಸ್ ಅಂತ ಬರೆದು ಕೊಡಿ. ಅದು ಮುಗಿಯುವ ತನಕ ಅವರ ಮೇಲೆ ಸಿಟ್ಟಾಗುವ ಹಾಗಿಲ್ಲ.

ಉಳಿದವರಿಗೆ ಉತ್ತರ ಚಿಕ್ಕದಿರಲಿ, ಅದರಲ್ಲಿ ಅಂಕಿ ಇರದಿರಲಿ, ಹಿಂದೆಯೇ ಕೆಲಸದ ಮಾತು ಬರಲಿ.

“ಅದು ಮನೆ ವಿಷಯ ಅಣ್ಣ. ಕುಶಾಲನಗರದ ಬಿಲ್ ಪಾಸಾಯ್ತಾ?”

ಇಷ್ಟೇ. “ಅಣ್ಣ” ಬಿಡಬೇಡಿ. ಇಲ್ಲಿ ವಯಸ್ಸಿಗೆ ಮರ್ಯಾದೆ ಕೊಡುತ್ತಲೇ ಬಾಗಿಲು ಹಾಕಬಹುದು. ಮರ್ಯಾದೆ ಬಿಟ್ಟರೆ ಅವರ ಮಾತು ಎಲ್ಲರಿಗೂ ಮರೆತು ನಿಮ್ಮ ಮಾತೊಂದೇ ನೆನಪಿರುತ್ತದೆ. ಮುಂದಿನ ಸಲವೂ ಅದೇ ವಾಕ್ಯ, ಅದೇ ದನಿ. ಹೊಸ ಉತ್ತರ ಹುಡುಕುವ ಗೋಜಿಗೆ ಹೋಗಬೇಡಿ. ಹೊಸ ಉತ್ತರ ಸಿಕ್ಕರೆ ಅವರಿಗೆ ಆಟ, ಹಳೆಯದೇ ಸಿಕ್ಕರೆ ಬೇಜಾರು.

ಸ್ವಲ್ಪ ಧೈರ್ಯ ಇದ್ದರೆ ಇನ್ನೊಂದಿದೆ. ನಗದೆ, ಸಿಟ್ಟೂ ಮಾಡದೆ, “ಯಾಕೆ ಹಾಗೆ ಕೇಳಿದ್ರಿ?” ಅಂತ ಕೇಳಿ, ಸುಮ್ನೆ ಅವರ ಮುಖ ನೋಡಿ. “ಅಯ್ಯೋ ಸುಮ್ನೆ ತಮಾಷೆಗೆ” ಅನ್ನುತ್ತಾರೆ. “ಸರಿ” ಅಂದು ಕೆಲಸಕ್ಕೆ ತಿರುಗಿ. ಆ ಎರಡು ಕ್ಷಣ ನಗುವುದಾ ಬೇಡವಾ ಅಂತ ಉಳಿದವರಿಗೂ ಗೊತ್ತಾಗುವುದಿಲ್ಲ. ಅಷ್ಟು ಸಾಕು.

ತಿರುಗಿ ಚುಚ್ಚುವುದು ಮಾತ್ರ ಬೇಡ. ಅವರ ಮಗನ ಕಾರಿನ ಕಂತು ಬಾಕಿ ಇರುವುದು ನಿಮಗೂ ಗೊತ್ತಿರುತ್ತದೆ, ಇದು ಅಷ್ಟು ಚಿಕ್ಕ ಊರು. ಆದರೆ ಬರುವ ಮೇ ತಿಂಗಳಲ್ಲಿ ಯಾವುದಾದರೂ ಮದುವೆಯಲ್ಲಿ ಅದೇ ಪಂಕ್ತಿಯಲ್ಲಿ ಅವರ ಪಕ್ಕವೇ ಕೂತು ಊಟ ಮಾಡಬೇಕು, ಅಲ್ವಾ?

ಇಷ್ಟಕ್ಕೂ ನಿಲ್ಲದಿದ್ದರೆ ಒಬ್ಬರೇ ಇದ್ದಾಗ ನೇರವಾಗಿ ಹೇಳಿ. ವಾಟ್ಸಾಪಿನಲ್ಲಿ ಬೇಡ, ಸ್ಕ್ರೀನ್‌ಶಾಟ್ ಆಗುತ್ತದೆ. ಕ್ಯಾಂಟೀನಿನಲ್ಲೂ ಬೇಡ. ಸಂಜೆ ಬಸ್ ಸ್ಟ್ಯಾಂಡಿಗೆ ನಡೆಯುವ ದಾರಿ ಒಳ್ಳೆಯದು. ಇಬ್ಬರೂ ಮುಂದೆ ನೋಡಿಕೊಂಡು ನಡೆಯುವುದರಿಂದ ಮುಖ ನೋಡಿ ಹೇಳುವ ಕಷ್ಟ ಇಲ್ಲ, ಬಸ್ ಬಂದರೆ ಮಾತೂ ಮುಗಿಯುತ್ತದೆ. “ಅಣ್ಣ, ಮೊನ್ನೆ ಎಲ್ಲರ ಮುಂದೆ ದುಡ್ಡು ಹೂತಿಡ್ತೀರ ಅಂದ್ರಲ್ಲ, ನನಗೆ ಸರಿ ಬರಲಿಲ್ಲ. ಕೆಲಸದ ವಿಷಯ ಏನು ಬೇಕಾದ್ರೂ ಕೇಳಿ. ಮನೆ ದುಡ್ಡಿನ ಮಾತು ಇನ್ನು ಬೇಡ.” ಅವರು ಹೇಳಿದ ಮಾತನ್ನೇ ಹೇಳಿ. “ನೀವು ಯಾವಾಗಲೂ ಹೀಗೆ” ಅಂತ ಶುರು ಮಾಡಿದರೆ “ಯಾವಾಗ? ಹೇಳಿ ನೋಡೋಣ” ಅಂತ ವಾದಕ್ಕೆ ತಿರುಗುತ್ತದೆ.

ವಿಷಯ ಎಲ್ಲಿಂದ ಸೋರುತ್ತಿದೆ ಅಂತಲೂ ನೋಡಿ. ಆಫೀಸಿನ ಪ್ರಿಂಟರಿನ ಮೇಲೆ ಬಿಟ್ಟ ಸಂಬಳ ಚೀಟಿ, ಟೇಬಲ್ ಮೇಲಿನ ಫೋನಿನಲ್ಲಿ ಮೂಡುವ ಬ್ಯಾಂಕ್ ಮೆಸೇಜು, ಸ್ಟೇಟಸ್ಸಿಗೆ ಹಾಕಿದ ಹೊಸ ಫ್ರಿಜ್. ಸಂಬಳ ಕಡಿತದ ವಿವರ ಲೆಕ್ಕ ವಿಭಾಗದಿಂದಲೇ ಹೊರಬಿದ್ದಿದ್ದರೆ ಅದು ಚುಚ್ಚುಮಾತಿಗಿಂತ ದೊಡ್ಡ ತಪ್ಪು, ನೇರ ಮ್ಯಾನೇಜರಿಗೆ ಹೇಳಿ. ನಾನೂ ಅದೇ ಕೆಲಸದವಳು. ಯಾರಿಗೆ ಎಷ್ಟು ಕಡಿತ ಅಂತ ನನ್ನ ಬಾಯಿಂದ ಬಂದರೆ ನನ್ನನ್ನು ಆ ಕುರ್ಚಿಯಿಂದ ಎಬ್ಬಿಸಬೇಕು. ಸರ್ಕಾರಿ ನೌಕರರಿಗೆ ಒಂದು ಗೊಂದಲ ಇದೆ, ಮಾಹಿತಿ ಹಕ್ಕು ಇರುವುದರಿಂದ ಎಲ್ಲ ಬಯಲು ಅಂತ. ಸಂಬಳ ಎಷ್ಟು ಅನ್ನುವುದು ಬಯಲು ಹೌದು. ಆಸ್ತಿ, ತೆರಿಗೆ ರಿಟರ್ನ್ ವೈಯಕ್ತಿಕ ಮಾಹಿತಿ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ಕೆಲವೊಮ್ಮೆ ಸೋರಿಸುವುದು ಸಾಲ ಕೊಟ್ಟವರೇ. ವಸೂಲಿಯವರು ಆಫೀಸಿನ ಫೋನಿಗೆ ಮಾಡಿ, ಎತ್ತಿದವರಿಗೆಲ್ಲ “ಅವರು ಕಂತು ಕಟ್ಟಿಲ್ಲ” ಅಂತ ಹೇಳುತ್ತಾರೆ. ಹಾಗೆ ಮಾಡುವಂತಿಲ್ಲ. ಬ್ಯಾಂಕ್, ಫೈನಾನ್ಸ್ ಕಂಪನಿಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಬಾರದು, ನಾಲ್ಕು ಜನರ ಮುಂದೆ ಅವಮಾನ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಮೊದಲು ಬ್ಯಾಂಕಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ಹೋಗಬಹುದು. ಸಹಾಯವಾಣಿ 14448. ಮೈಕ್ರೋಫೈನಾನ್ಸ್‌ನವರ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರವೂ 2025ರಲ್ಲಿ ಕಾನೂನು ತಂದಿದೆ.

ಬೀಳ್ಕೊಡುಗೆ, ಮದುವೆ, ದಸರಾ ಮಂಟಪದ ವಸೂಲಿಗೆ ಪಟ್ಟಿ ಬಂದಾಗ “ನೀವು ಇಷ್ಟೇನಾ?” ಅನ್ನುತ್ತಾರೆ. ಎಲ್ಲದಕ್ಕೂ ಒಂದೇ ಮೊತ್ತ ಅಂತ ವರ್ಷದ ಆರಂಭದಲ್ಲೇ ಗೊತ್ತು ಮಾಡಿಕೊಳ್ಳಿ. “ನಾನು ಎಲ್ಲರಿಗೂ ಇಷ್ಟೇ ಹಾಕೋದು” ಅಂದರೆ ಮುಗಿಯಿತು.

ಒಂದು ಮಾತು ಮಾತ್ರ ನನಗೆ ತಡೆಯಲು ಆಗುವುದಿಲ್ಲ. 2018ರ ಆಗಸ್ಟ್‌ನ ಮಳೆಯಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿ ಮನೆ ಹೋದವರಿಗೆ ಕರ್ಣಂಗೇರಿ, ಮದೆ, ಜಂಬೂರಿನಲ್ಲಿ ಮನೆ ಕಟ್ಟಿಸಿ ಕೊಟ್ಟರು. ಅಂಥ ಮನೆಯಿಂದ ಕೆಲಸಕ್ಕೆ ಬರುವ ಹುಡುಗಿಗೆ, “ನಿಂಗೆ ಬಾಡಿಗೆ ಇಲ್ಲ, ಫ್ರೀ ಮನೆ, ಲಕ್ಕಿ ನೀನು” ಅನ್ನುವವರಿದ್ದಾರೆ. ಇಂಥ ಕಡೆ ಚುಚ್ಚಿಸಿಕೊಂಡವರೇ ಉತ್ತರ ಕೊಡಲಿ ಅಂತ ಕಾಯಬೇಡಿ. ಪಕ್ಕದಲ್ಲಿ ಕೂತ ನಾವು “ಆ ಮಾತು ಬೇಡ” ಅನ್ನಬೇಕು. ನಾನು ಅಂದಿದ್ದೇನೆ. ಆ ದಿನ ಟೀ ಬೇಗ ಮುಗಿಯಿತು, ಮುಗಿಯಲಿ.

ಮೇಲಿನವರ ಹತ್ತಿರ ಹೋಗುವುದು ಯಾವಾಗ? ಮಾತು ಕೆಲಸಕ್ಕೆ ಏಟು ಕೊಡಲು ಶುರುವಾದಾಗ. “ಅವಳಿಗೆ ತೋಟ ಇದೆ, ಇನ್‌ಕ್ರಿಮೆಂಟ್ ಯಾಕೆ?” ಅಂತ ಮೀಟಿಂಗಿನಲ್ಲಿ ಬಂದರೆ, ನಗದು ಮುಟ್ಟುವ ಕೆಲಸದಲ್ಲಿದ್ದು “ಈ ದುಡ್ಡು ಎಲ್ಲಿಂದ ಬಂತೋ” ಅಂತ ಅನುಮಾನ ಹಬ್ಬಿಸಿದರೆ. ತಾರೀಕು, ಆಡಿದ ಮಾತು, ಕೇಳಿಸಿಕೊಂಡವರು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಚಿಕ್ಕ ಆಫೀಸುಗಳಲ್ಲಿ ಎಚ್‌ಆರ್ ಅಂತ ಬೇರೆ ಯಾರೂ ಇರುವುದಿಲ್ಲ, ಮಾಲೀಕರೇ ಎಲ್ಲ. ಅವರಿಗೆ “ಬೇಜಾರಾಯ್ತು” ಅಂದರೆ “ಹೊಂದಿಕೊಂಡು ಹೋಗಿ” ಅನ್ನುತ್ತಾರೆ. ತಾರೀಕು ಹೇಳಿದರೆ ಪೆನ್ನು ತಗೊಳ್ಳುತ್ತಾರೆ.

ಹೆಣ್ಣುಮಕ್ಕಳಿಗೆ “ಯಾರು ಕೊಡಿಸಿದ್ದು?” ಅಂತ ಕಣ್ಣು ಮಿಟುಕಿಸುವ ಮಾತು ಬಂದರೆ ಅದನ್ನು ದುಡ್ಡಿನ ಮಾತು ಅಂತ ಬಿಡಬೇಡಿ. ಅದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಬರಬಹುದು. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು 3 ತಿಂಗಳೊಳಗೆ ಬರಹದಲ್ಲಿ ಕೊಡಬೇಕು.

ಕೊನೆಗೆ ಒಂದು ಮುನ್ನೆಚ್ಚರಿಕೆ. “ನಿಮಗೇನು ಬಿಡಿ” ಅಂದವರೇ ಜೂನ್‌ನಲ್ಲಿ, ಮಕ್ಕಳ ಫೀಸಿನ ಹೊತ್ತಿಗೆ, ಕೈಗಡ ಕೇಳಿಕೊಂಡು ಬರುತ್ತಾರೆ. ಕೊಡುವ ಮನಸ್ಸಿದ್ದರೆ ಕೊಡಿ, ಹಳೆಯ ಮಾತು ಎತ್ತಬೇಡಿ, ವಾಪಸ್ ಕೊಡುವ ದಿನ ಬರೆಸಿಕೊಳ್ಳಿ. ಮನಸ್ಸಿಲ್ಲದಿದ್ದರೆ ಅಲ್ಲೂ ತೋಟದ ಖರ್ಚು ಹೇಳಿ ತಪ್ಪಿಸಿಕೊಳ್ಳಲು ಹೋಗಬೇಡಿ, ಎಷ್ಟು ಚೀಲ ಅಂತ ಮತ್ತೆ ಶುರುವಾಗುತ್ತದೆ. “ಆಫೀಸಿನವರ ಜೊತೆ ನಾನು ಕೊಡು-ತಗೊಳ್ಳೋದು ಇಟ್ಕೊಂಡಿಲ್ಲ ಅಣ್ಣ” ಅಂದರೆ ಸಾಕು.